ಕೆಂಪು ಹತ್ತದ ನೂಲು

ಕೋಲಿಗೆ ಸಿಕ್ಕಿಸಿ ಹಂಡೆಯಿಂದ ಮೇಲೆತ್ತಿದ ಲಡಿಯನ್ನು ನೋಡಿದ್ದೇ ತಡ, ತೊಮಾಸಾ ಕೋಲನ್ನು ಲಡಿಯ ಸಮೇತ ನೆಲಕ್ಕೆ ಬಿಸಾಡಿದಳು. ಅಚ್ಚ ಕೆಂಪಾಗಿ ಬರಬೇಕಿದ್ದ ಉಣ್ಣೆಯ ನೂಲಿನ ತುಂಬ ಬಿಳಿ ಎಳೆಗಳು. ತೊನ್ನು ಹತ್ತಿದ ಚರ್ಮದ ಹಾಗೆ ಕಾಣುತ್ತಿತ್ತು. ಒಂದಲ್ಲ, ಹಂಡೆಯೊಳಗಿನ ಅಷ್ಟೂ ಲಡಿಗಳ ಹಣೆಬರಹ ಅದೇ.

“ಯಾವಳೇ ಅವಳು ಹಂಡೆ ನೋಡಿದ್ದು?” ಎಂದು ಕಿರುಚಿದಳು.

ಕೇಳುವ ಅಗತ್ಯವೇ ಇರಲಿಲ್ಲ. ಅಂಗಳದಲ್ಲಿ ಇದ್ದದ್ದು ಸೊಸೆ ಎಲ್ವಿಯಾ ಒಬ್ಬಳೇ. ಸೌದೆ ತಂದು ಒಲೆಗೆ ಒಡ್ಡುತ್ತಿದ್ದಳು.

ನೇಕಾರರ ಊರಾದ ತೆಯೊತಿತ್ಲಾನಿನ ಆ ಬೀದಿಯಲ್ಲಿ ಮನೆಗೊಂದು ಮಗ್ಗ. ತೊಮಾಸಾಳ ಮನೆಯಲ್ಲಿ ಮಗ್ಗದ ಜೊತೆಗೆ ಬಣ್ಣದ ಹಂಡೆ, ಹಂಡೆಯ ಜೊತೆಗೆ ಅದರ ಮಡಿ. ಪಾಪಾಸುಕಳ್ಳಿಯ ಮೇಲಿನ ಹುಳ ಅರೆದು ಕೆಂಪು ಬಣ್ಣ ಕುದಿಸುವಾಗ ಸಿಟ್ಟು ಹೊತ್ತವರು, ಹೊಟ್ಟೆಕಿಚ್ಚಿನವರು ಅತ್ತ ತಿರುಗಿ ನೋಡಬಾರದು. ನೋಡಿದರೆ ನೂಲಿಗೆ ಬಣ್ಣ ಹತ್ತುವುದಿಲ್ಲ. ಅಂಥವರದು ಭಾರದ ಕಣ್ಣು. ಆ ಹೆಸರು ಬಿದ್ದ ಹೆಂಗಸನ್ನು ಮದುವೆ ಮನೆಗೂ ಕರೆಯುವುದಿಲ್ಲ, ಬಾಣಂತಿ ಕೋಣೆಗೂ ಬಿಡುವುದಿಲ್ಲ. ಬದುಕಿದ್ದೂ ಇಲ್ಲದ ಹಾಗೆ.

“ಬೆಳಿಗ್ಗೆ ರೊಟ್ಟಿ ಸೀಯಿಸಿದ್ದಕ್ಕೆ ಒಂದು ಮಾತು ಅಂದೆ. ಅದಕ್ಕೆ ಬುಸುಗುಡ್ತಾ ಬಂದು ನನ್ನ ಹಂಡೆ ಮುಂದೆ ನಿಂತ್ಕೊಂಡ್ಯಲ್ಲ!”

“ಸೌದೆ ತಾ ಅಂದಿದ್ದು ನೀವೇ ಅಲ್ವಾ ಅತ್ತೆ? ಕಣ್ಣು ಮುಚ್ಕೊಂಡು ತರ್ಬೇಕಿತ್ತಾ?”

“ನೋಡು, ಆ ನಾಲಿಗೆ ನೋಡು! ವಿಲ್ಫ್ರಿದೋ, ಕೇಳಿಸ್ತೇನೋ ನಿನ್ನ ಹೆಂಡ್ತಿ ಮಾತು?”

ಜಗುಲಿಯಲ್ಲಿ ಮಗ್ಗದ ಮುಂದೆ ನಿಂತಿದ್ದ ವಿಲ್ಫ್ರಿದೊಗೆ ಚೆನ್ನಾಗಿಯೇ ಕೇಳಿಸಿತ್ತು. ಅವನು ಮಗ್ಗವನ್ನು ಇನ್ನಷ್ಟು ಜೋರಾಗಿ ತುಳಿದ. ಅವ್ವನಿಗೂ ಹೆಂಡತಿಗೂ ಜಟಾಪಟಿ ಶುರುವಾದಾಗಲೆಲ್ಲ ಆ ಮಹಾಶಯ ಮಾಡುತ್ತಿದ್ದ ನ್ಯಾಯ ಪಂಚಾಯಿತಿ ಅಷ್ಟೇ.

“ಭಾನುವಾರ ನಿಮ್ಮವ್ವ ನೂಲು ಹೊತ್ಕೊಂಡು ಬರ್ತಾಳಲ್ಲ, ಅವಳನ್ನೇ ಕೇಳ್ತೀನಿ,” ಎಂದಳು ತೊಮಾಸಾ. “ಈ ಕಣ್ಣು ಹುಟ್ತಾನೇ ಇತ್ತಾ, ನಮ್ಮನೆಗೆ ಬಂದ್ಮೇಲೆ ಬಂತಾ ಅಂತ. ಹುಟ್ಟಿದ್ದೇ ಹಾಗೆ ಅಂದ್ರೆ ಅವಳ ಹಿಂದೇನೇ ಬಸ್ಸು ಹತ್ತು. ನನ್ನ ಮಗನಿಗೆ ಹೆಣ್ಣಿಗೆ ಬರ ಇಲ್ಲ.”

ಅಂಗಳದಲ್ಲಿ ಬಿದ್ದಿದ್ದ ಲಡಿಯನ್ನು ಎಲ್ವಿಯಾ ಎತ್ತಿ ಹಿಂಡಿ ಒಣಹಾಕಿದಳು. ಹಾಕುವಾಗ ಒಂದು ಗೇಣು ನೂಲು ಕಿತ್ತುಕೊಂಡು ಅಡುಗೆ ಮನೆಗೆ ಹೋದಳು. ಅವಳು ಬೆಟ್ಟದಾಚೆಯ ಚಿಚಿಕಾಪಾಮಿನ ನೂಲುವವರ ಮನೆಯ ಮಗಳು. ಕುರುಬರು ತಂದು ಸುರಿಯುವ ಉಣ್ಣೆ ಎಂಥದ್ದೆಂದು ಬೆಂಕಿಗೆ ಹಿಡಿದು ನೋಡುವುದನ್ನು ಅವ್ವನೇ ಕಲಿಸಿದ್ದಳು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕೆಂಡದಿಂದ ತೆಗೆದರೆ ಆರುತ್ತದೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ.

ಇದು ಪುಡಿಯಾಗಲಿಲ್ಲ. ಭಗ್ಗೆಂದು ಹೊತ್ತಿ, ಕರಗಿ, ಮುದುಡಿ, ತುದಿಗೆ ಕಪ್ಪು ಗುಂಡಾಗಿ ನಿಂತಿತು. ಉಗುರಿನಿಂದ ಒತ್ತಿದರೂ ಒಡೆಯಲಿಲ್ಲ. ಪ್ಲಾಸ್ಟಿಕ್ ಚೀಲ ಸುಟ್ಟ ಹಾಗೆ ನಾತ.

ಅಕ್ರಿಲಿಕ್, ನಕಲಿ ಉಣ್ಣೆ. ಕಂಬಳಿ ಕಾರ್ಖಾನೆಯ ಕಸವನ್ನು ಮೂಟೆ ಕಟ್ಟಿ ಸಂತೆಯಲ್ಲಿ ಮಾರುತ್ತಾರಲ್ಲ, ಆ ಮಾಲು. ಉಣ್ಣೆಯ ಜೊತೆ ಸೇರಿಸಿ ಹಿಂಜಿ ನೂತರೆ ಕಣ್ಣಿಗೆ ತಿಳಿಯುವುದಿಲ್ಲ, ಕೈಗೂ ಸುಲಭಕ್ಕೆ ತಿಳಿಯುವುದಿಲ್ಲ. ಹುಳದ ಕೆಂಪಿಗೆ ಮಾತ್ರ ತಿಳಿಯುತ್ತದೆ. ಅದು ಕುರಿಯ ಕೂದಲನ್ನು ಹುಡುಕಿ ಹಿಡಿದುಕೊಂಡು, ಉಳಿದದ್ದನ್ನು ಹಾಗೇ ಬೆಳ್ಳಗೆ ಬಿಡುತ್ತದೆ.

ಎಲ್ವಿಯಾಗೆ ಮೊದಲು ಬಂದದ್ದು ಖುಷಿ. ತನ್ನ ಕಣ್ಣಿನಲ್ಲಿ ಏನೂ ಇಲ್ಲ! ಈಗಲೇ ಓಡಿ ಆ ಗುಂಡನ್ನು ಅತ್ತೆಯ ಮೂಗಿಗೆ ಹಿಡಿಯಬೇಕು ಅನಿಸಿತು. ಹೊಸ್ತಿಲವರೆಗೆ ಹೋದವಳು ಅಲ್ಲಿಯೇ ನಿಂತಳು. ಈ ನೂಲು ನೂತದ್ದು ಯಾರು? ಅವ್ವ. ಆ ಹುರಿ ಅವಳ ಕೈಯದೇ, ಕತ್ತಲಲ್ಲಿ ಮುಟ್ಟಿದರೂ ಗುರುತು ಸಿಗುತ್ತದೆ. ಅತ್ತೆಗೆ ತಿಳಿದರೆ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ. ಆಮೇಲೆ ಅವ್ವ ಕ್ರಿಸ್ಪಿನಾಳ ನೂಲನ್ನು ಈ ಊರಿನಲ್ಲಿ ಯಾರೂ ಮುಟ್ಟುವುದಿಲ್ಲ. ಕದಿರು ಬಿಟ್ಟರೆ ಅವ್ವನಿಗೆ ಬೇರೆ ಬದುಕು ಗೊತ್ತಿಲ್ಲ.

ಗುಂಡನ್ನು ಒಲೆಗೆ ಎಸೆದಳು. ಮೂರು ದಿನ ಬಾಯಿ ಬಿಡಲಿಲ್ಲ. ಅತ್ತೆ ಅವಳಿಗೆ ಗಂಜಿ ಬಡಿಸುವಾಗ ಮುಖ ತಿರುಗಿಸಿಕೊಂಡೇ ಬಡಿಸಿದಳು. ಪಕ್ಕದ ಮನೆಯವಳು ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ದಾಟಿ ಹೋದಳು. ಗಂಡ ಎನ್ನುವ ಪ್ರಾಣಿ ಗೋಡೆಯ ಕಡೆ ಮುಖ ಮಾಡಿ ಮಲಗಿತು.

ಭಾನುವಾರ ಸಂತೆ ಮುಗಿಸಿ ಬಸ್ಸಿಳಿದ ಅವ್ವನನ್ನು ಎಲ್ವಿಯಾ ಬೀದಿಯ ತಿರುವಿನಲ್ಲಿಯೇ ಹಿಡಿದಳು.

“ನೂಲಿಗೆ ಏನ್ ಬೆರೆಸಿದ್ದೀಯ ಅಂತ ನಂಗೊತ್ತು. ಸುಟ್ಟು ನೋಡ್ದೆ.”

ಕ್ರಿಸ್ಪಿನಾ ಬೆನ್ನ ಮೇಲಿನ ಗಂಟನ್ನು ಇಳಿಸಲೂ ಇಲ್ಲ. “ಅದನ್ನ ಬಣ್ಣಕ್ಕೆ ಹಾಕು ಅಂದೋರು ಯಾರು? ಬಿಳೀದೇ ನೇಯ್ತಾರೆ ಅಂದ್ಕೊಂಡಿದ್ದೆ. ಬಿಳೀಲಿ ಯಾವನಿಗೂ ಗೊತ್ತಾಗ್ತಿರ್ಲಿಲ್ಲ.”

“ಅವ್ವಾ!”

“ಏನ್ ಅವ್ವ? ಉಣ್ಣೆ ಗಂಟು ಬಿಡಿಸಿ ಬಿಡಿಸಿ ಬೆರಳು ಸೊಟ್ಟಗಾಗಿದಾವೆ ನೋಡಿಲ್ಲಿ. ಬರೀ ಉಣ್ಣೆ ಹಿಂಜೋಕೆ ಆಗಲ್ಲ ನಂಗೆ. ಇಷ್ಟು ವರ್ಷ ನೂಲು ಹೊತ್ತೆ ಇವರ ಮನೆಗೆ, ಬೀಗಿತ್ತಿ ಅಂತ ಒಂದು ದಿನ ಕುರ್ಚಿ ಕೊಟ್ಟಿದ್ದಾಳಾ ಆ ನಿಮ್ಮತ್ತೆ? ಬಾಗಿಲಲ್ಲೇ ತೂಗಿ ಬಾಗಿಲಲ್ಲೇ ಕಳಿಸ್ತಾಳೆ.”

“ಅವರು ನನ್ನ ಕಣ್ಣು ಭಾರ ಅಂತಿದಾರೆ. ನಾನು ನಿನ್ನ ಹೆಸರು ಎತ್ತಿಲ್ಲ. ನೀನೇ ಒಂದು ಮಾತು ಹೇಳು. ಮೂಟೇಲಿ ಅದು ಹೇಗೋ ಸೇರ್ಕೊಂಡಿತ್ತು, ಗೊತ್ತಾಗ್ಲಿಲ್ಲ, ತಪ್ಪಾಯ್ತು ಅನ್ನು. ಅಷ್ಟು ಸಾಕು.”

ಕ್ರಿಸ್ಪಿನಾ ಬೆನ್ನ ಮೇಲಿನ ಗಂಟನ್ನು ಸರಿಮಾಡಿಕೊಂಡಳು. “ನಡಿ, ನೋಡ್ತೀನಿ,” ಎಂದಳು.

ಅಂಗಳದಲ್ಲಿ ತೊಮಾಸಾ ಹೊಸದಾಗಿ ಹಂಡೆ ಏರಿಸಿದ್ದಳು. ತಾನೇ ನೂತ ಹಳೆಯ ನೂಲನ್ನು ಬಣ್ಣ ಹಿಡಿಯಲೆಂದು ಪಟಿಕದ ನೀರಿನಲ್ಲಿ ಅದ್ದಿ ಹಗ್ಗದ ಮೇಲೆ ಹರವಿದ್ದಳು. ಸೊಸೆ ಬಾಗಿಲ ಆಚೆಯೇ ಇರಬೇಕೆಂದು ಕೈಸನ್ನೆ ಮಾಡಿ, ಬೀಗಿತ್ತಿಯ ಮುಂದೆ ಆ ಮಚ್ಚೆಮಚ್ಚೆ ಲಡಿಯನ್ನು ಎಸೆದಳು.

“ನೋಡಮ್ಮಾ ನಿನ್ನ ಮಗಳ ಘನಂದಾರಿ ಕೆಲಸ. ಒಂದೇ ಮಾತು ಹೇಳು. ನಿನ್ನ ನೂಲಲ್ಲಿ ದೋಷವಾ, ಇವಳ ಕಣ್ಣಲ್ಲಿ ದೋಷವಾ?”

ಮಗ್ಗದ ಸದ್ದು ನಿಂತಿತು. ವಿಲ್ಫ್ರಿದೊ ಕೂಡ ಕೇಳಿಸಿಕೊಳ್ಳುತ್ತಿದ್ದ.

ಕ್ರಿಸ್ಪಿನಾ ಲಡಿಯನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದಳು. ಸಾವಕಾಶವಾಗಿ ನೋಡಿದಳು. ನಾಟಕ ಅಂದರೆ ಹಾಗಿರಬೇಕು.

“ನನ್ನ ನೂಲು ಯಾವತ್ತಿನಂಗೇ ಇದೆ ಬೀಗಿತ್ತಿ,” ಎಂದಳು. “ಮುಚ್ಚಿಟ್ಟು ಏನ್ ಮಾಡ್ಲಿ? ಇವಳು ಸಣ್ಣೋಳಿದ್ದಾಗ್ಲೂ ಹಂಗೇ. ಸಿಟ್ಟಲ್ಲಿ ನೋಡಿದ್ರೆ ಕೋಳಿಮರಿ ಸಾಯ್ತಿದ್ವು.”

ಕೋಳಿಮರಿ ಸತ್ತದ್ದು ರೋಗ ಬಂದು. ಅಳುತ್ತ ಅವುಗಳನ್ನು ಹೂತವಳು ಎಲ್ವಿಯಾಳೇ.

ಅವ್ವ ಬಾಗಿಲ ಹತ್ತಿರ ಬಂದು ಮೆಲ್ಲಗೆ ಹೇಳಿದಳು. “ಕಣ್ಣಿನ ದೋಷಕ್ಕೆ ಮೊಟ್ಟೆ ನಿವಾಳಿಸಿದ್ರೆ ಹೋಗುತ್ತೆ ಮಗಾ. ನನ್ನ ನೂಲಿನ ಹೆಸರು ಹೋದ್ರೆ ಮತ್ತೆ ಬರುತ್ತಾ? ಬಾ, ಬಟ್ಟೆ ಕಟ್ಕೋ, ಹೋಗಣ. ನಾಲ್ಕು ದಿನ ಆದ್ಮೇಲೆ ಬಂದ್ರಾಯ್ತು.”

ಮೂರು ದಿನ ತುಟಿ ಹೊಲಿದುಕೊಂಡು ಕಾದದ್ದು ಇದಕ್ಕೆ. ಎಲ್ವಿಯಾಗೆ ಅವ್ವನ ಮೇಲೆ ಬಂದಂಥ ಸಿಟ್ಟು ಅತ್ತೆಯ ಮೇಲೂ ಎಂದೂ ಬಂದಿರಲಿಲ್ಲ. ಅವ್ವನ ಬೆನ್ನ ಮೇಲಿನ ಗಂಟಿಗೆ ಕೈ ಹಾಕಿ, ಅವತ್ತು ಮಾರಲು ತಂದಿದ್ದ ಹೊಸ ಲಡಿಗಳನ್ನು ಬಾಚಿಕೊಂಡಳು. ಬಾಗಿಲು ದಾಟಿ ಅಂಗಳಕ್ಕೆ ನುಗ್ಗಿದಳು. ಅತ್ತೆ “ಹೇ! ಹೇ!” ಎನ್ನುವುದರೊಳಗೆ ಅಷ್ಟನ್ನೂ ಹಂಡೆಯ ಕೆಳಗಿನ ಉರಿಗೆ ತುರುಕಿದಳು.

ಅಂಗಳ ತುಂಬ ಕಪ್ಪು ಹೊಗೆ ಎದ್ದಿತು. ಮೂಗು ಮುಚ್ಚಿಕೊಳ್ಳುವಂಥ ನಾತ. ಒಲೆಯ ಬಾಯಿಂದ ಕರಗಿದ್ದು ತೊಟ್ಟಿಕ್ಕಿ ಕಲ್ಲಿನ ಮೇಲೆ ಗಟ್ಟಿಯಾಯಿತು. ಉಣ್ಣೆಯ ನಡುವೆ ಹುಟ್ಟಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ತೊಮಾಸಾ ಕಲ್ಲಿನ ಮೇಲಿನ ಗುಂಡನ್ನು ಕಡ್ಡಿಯಿಂದ ಕುಟ್ಟಿ ನೋಡಿದಳು. ಆಮೇಲೆ ತಲೆ ಎತ್ತಿದಳು.

“ಹೊರಟು ಹೋಗು ನನ್ನ ಅಂಗಳದಿಂದ,” ಎಂದಳು ಕ್ರಿಸ್ಪಿನಾಗೆ. “ಕಸ ನೂಲೋಳೇ. ನಾಳೆಯಿಂದ ಈ ಊರಲ್ಲಿ ಯಾರ ಮನೆ ಬಾಗಿಲು ತೆರೆಯುತ್ತೋ ನಾನೂ ನೋಡ್ತೀನಿ.”

ಕ್ರಿಸ್ಪಿನಾ ಬರಿದಾದ ಗಂಟಿನ ಬಟ್ಟೆಯನ್ನು ಮಡಚಿ, ಮಗಳ ಕಡೆ ತಿರುಗಿಯೂ ನೋಡದೆ ಹೋದಳು. ಅವಳ ಸೊಟ್ಟ ಬೆರಳುಗಳಿಗೆ ಬಟ್ಟೆಯನ್ನು ಸರಿಯಾಗಿ ಮಡಚಲೂ ಆಗುತ್ತಿರಲಿಲ್ಲ.

“ಈಗ ನನ್ನ ಕಣ್ಣಿನ ವಿಷಯ ಹೇಳಿ ಅತ್ತೆ,” ಎಂದಳು ಎಲ್ವಿಯಾ.

“ಏನ್ ಹೇಳೋದು? ಹೆತ್ತವ್ವನ ಅನ್ನಕ್ಕೇ ಕಲ್ಲು ಹಾಕಿದೋಳು ನೀನು. ಇದಕ್ಕಿಂತ ಭಾರದ ಕಣ್ಣು ಇನ್ಯಾವುದಿದೆ?”

ಎಲ್ವಿಯಾ ಹಗ್ಗದ ಮೇಲಿದ್ದ ಅತ್ತೆಯ ಲಡಿಯೊಂದನ್ನು ಎಳೆದು ಕುದಿಯುವ ಕೆಂಪಿಗೆ ಇಳಿಬಿಟ್ಟಳು. ಕೋಲು ಹಿಡಿದು ಹಂಡೆಯ ಮೇಲೆ ಬಾಗಿ ನಿಂತಳು. ತಡೆಯಲು ಬಂದ ವಿಲ್ಫ್ರಿದೊ ಅವಳ ಮುಖ ನೋಡಿ ಹಿಂದೆ ಸರಿದ. ಅತ್ತೆಯನ್ನು, ಅವ್ವನನ್ನು, ಬಾಯಿ ಸತ್ತ ಗಂಡನನ್ನು, ಆ ಊರನ್ನು, ಈ ಊರನ್ನು, ಎಲ್ಲರನ್ನೂ ಮನಸಾರೆ ಶಪಿಸುತ್ತ ಆ ನೂಲನ್ನೇ ದುರುಗುಟ್ಟಿ ನೋಡಿದಳು. ರೆಪ್ಪೆ ಉರಿಯುವವರೆಗೂ ನೋಡಿದಳು. ಲೋಕದ ಸಿಟ್ಟೆಲ್ಲ ಆ ಹಂಡೆಯಲ್ಲಿತ್ತು.

ಬಿಸಿಲು ಗೋಡೆ ಹತ್ತಿದಾಗ ಲಡಿಯನ್ನು ಎತ್ತಿದಳು. ನೆತ್ತರಿನಂಥ ಕೆಂಪು. ಎಲ್ಲಿಯೂ ಒಂದು ಬಿಳಿ ಕೂದಲಿಲ್ಲ.

ತೊಮಾಸಾ ಲಡಿಯನ್ನು ಅವಳ ಕೈಯಿಂದ ಕಿತ್ತುಕೊಂಡು, ಎಳೆ ಬಿಡಿಸಿ ಬಿಡಿಸಿ ಹುಡುಕಿದಳು. ಬಹಳ ಹೊತ್ತು ಹುಡುಕಿದಳು. ಕೊನೆಗೆ ಹಗ್ಗಕ್ಕೆ ಹಾಕಿ, ಸೊಸೆಯ ಮುಖ ನೋಡದೆ ಹೇಳಿದಳು.

“ಬಣ್ಣ ಚೆನ್ನಾಗಿ ಕೂತಿದೆ.”

ಮದುವೆಯಾಗಿ ಆ ಮನೆಗೆ ಬಂದ ಮೇಲೆ ಎಲ್ವಿಯಾಗೆ ಸಿಕ್ಕ ಮೊದಲ ಒಳ್ಳೆಯ ಮಾತು ಅದು. ಅವ್ವನನ್ನು ಕೊಟ್ಟು ಕೊಂಡ ಮಾತು. ದೂರದಲ್ಲಿ ಬೆಟ್ಟದ ಬಸ್ಸಿನ ಹಾರನ್ ಕೇಳಿಸಿತು. ಅವಳು ಕೆಂಪಾದ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಹಂಡೆಯ ಪಕ್ಕದಲ್ಲಿಯೇ ಕುಳಿತು ಬಿಕ್ಕಿಬಿಕ್ಕಿ ಅತ್ತಳು.