ಮುಲಾಮಿನ ಮೇಲೆ ಮುಲಾಮು

ಕ್ಷೌರಿಕನ ಕೈ ಹಗುರ ಅಂತ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕತ್ತಿ ಗಲ್ಲದ ಮೇಲೆ ಹರಿದದ್ದೇ ಗೊತ್ತಾಗುತ್ತಿರಲಿಲ್ಲ. ಎಷ್ಟೋ ಗಿರಾಕಿಗಳು ಕುರ್ಚಿಯಲ್ಲೇ ಗೊರಕೆ ಹೊಡೆದು, ಮುಗಿದ ಮೇಲೆ ಎಬ್ಬಿಸಿದ್ದಕ್ಕೆ ಮುನಿಸಿಕೊಳ್ಳುತ್ತಿದ್ದರು. ಈ ಮಾತನ್ನು ಒಪ್ಪದವಳು ಒಬ್ಬಳೇ, ಅವನ ಅಕ್ಕ. ಅವಳು ಅವನನ್ನು ಕರೆಯುತ್ತಿದ್ದುದೇ ಮೊಂಡುಗತ್ತಿ ಅಂತ.

ಅಕ್ಕ ಸಿಟಿ ಬಸ್ಸಿನ ಡ್ರೈವರು. ಸಂತೆಯಷ್ಟು ಜನ ತುಂಬಿದ ಬಸ್ಸನ್ನು ಸಂದಿಯಂಥ ರಸ್ತೆಯಲ್ಲಿ, ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಹೊರಳಿಸುವವಳು. ಅಮ್ಮ ಹೋದ ಮೇಲೆ ತಮ್ಮನನ್ನು ಸಾಕಿದವಳೂ ಅವಳೇ, ಅವನಿಗೆ ಅಂಗಡಿ ಹಾಕಿಸಿಕೊಟ್ಟವಳೂ ಅವಳೇ. ಇಬ್ಬರೂ ಮದುವೆಯ ಗೋಜಿಗೆ ಹೋಗದೆ, ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಕಚ್ಚಾಡಿಕೊಂಡು ಸುಖವಾಗಿದ್ದರು.

ಅವತ್ತು ಡಿಪೋದಲ್ಲಿ ಬಸ್ಸಿನ ಇಂಜಿನ್ನು ಕಾದು ಹೊಗೆಯಾಡುತ್ತಿತ್ತು. ಮೆಕ್ಯಾನಿಕ್ಕು ಊಟಕ್ಕೆ ಹೋಗಿದ್ದ. ಅಕ್ಕನಿಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುವಿಯೇಬಿಟ್ಟಳು. ಕುದಿನೀರೂ ಹಬೆಯೂ ಒಟ್ಟಿಗೇ ಚಿಮ್ಮಿ, ಬಲಗೈ ಬೆರಳಿನಿಂದ ಮೊಣಕೈವರೆಗೆ ಬೆಂದುಹೋಯಿತು.

ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಮುಂದಿನ ವಾರ ತೋರಿಸಿ ಅಂತ ಮನೆಗೆ ಕಳಿಸಿದರು. ಕಳಿಸುವ ಮುಂಚೆ ಡ್ರೆಸ್ಸಿಂಗ್ ಮಾಡುವ ನರ್ಸಮ್ಮ ಕ್ಷೌರಿಕನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಬಿಳಿ ಮುಲಾಮಿನ ಡಬ್ಬಿ ಕೈಗಿಟ್ಟಳು.

"ಇದು ಕೀವಾಗದೇ ಇರ್ಲಿ ಅಂತ ಹಚ್ಚೋದು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಆದ್ರೆ ಹೊಸದು ಹಚ್ಚೋ ಮುಂಚೆ ಹಳೇದನ್ನ ಪೂರ್ತಿ ತೊಳೀಬೇಕು, ಅದೇ ಮುಖ್ಯ. ಉಗುರುಬೆಚ್ಚಗಿನ ನೀರು, ಸೋಪು, ಮೆತ್ತನೆ ಬಟ್ಟೆ. ಹಳೇದು ಗಟ್ಟಿಯಾಗಿ ಸಿಪ್ಪೆ ಥರ ಕೂತಿರುತ್ತೆ, ಬಿಡಬೇಡಿ. ನೋವಾಗುತ್ತೆ, ಮಾಡಲೇಬೇಕು. ಜ್ವರ ಬಂದ್ರೆ, ವಾಸನೆ ಬಂದ್ರೆ ಅವತ್ತೇ ಕರ್ಕೊಂಡು ಬನ್ನಿ."

"ಹಚ್ಚೋದು, ಕೆರೆಯೋದು, ಇವನ ಕೆಲ್ಸಾನೇ ಅದು ತಾಯಿ," ಅಂದಳು ಅಕ್ಕ ಹಾಸಿಗೆಯಿಂದ. "ಹುಷಾರು, ಅಭ್ಯಾಸಬಲದಲ್ಲಿ ನನ್ನ ಮೀಸೆ ತೆಗೆದುಬಿಟ್ಟಾನು."

ನರ್ಸಮ್ಮ ನಕ್ಕಳು. ಕ್ಷೌರಿಕನೂ ನಕ್ಕ. ನಿಜವೇ ಅಲ್ಲವೇ, ಬಿಳಿ ನೊರೆ ಬಳಿದು ನಯವಾಗಿ ತೆಗೆಯುವುದೇ ಅವನ ಬದುಕು. ಅಕ್ಕನಿಗೆ ಡಿಪೋದ ಸಾಹೇಬರು ಹೇಳಿಯಾಗಿತ್ತು: ಮುಷ್ಟಿ ಪೂರ್ತಿ ಮುಚ್ಚಿದರೆ ಮತ್ತೆ ಬಸ್ಸು, ಇಲ್ಲವಾದರೆ ಟಿಕೆಟ್ ಕೌಂಟರಿನ ಕಿಟಕಿ. ಕಿಟಕಿಯ ಹಿಂದೆ ಕೂರುವ ಅಕ್ಕನನ್ನು ಅವನಿಗೆ ಊಹಿಸಲೂ ಆಗುತ್ತಿರಲಿಲ್ಲ.

ಮನೆಯಲ್ಲಿ ಮೊದಲ ಬೆಳಿಗ್ಗೆ ಬೇಸನ್ನಿನಲ್ಲಿ ನೀರಿಟ್ಟು, ಪಟ್ಟಿ ಬಿಚ್ಚಿದ. ಹಳೆಯ ಮುಲಾಮು ಹಳದಿ ತಿರುಗಿ, ಕೆನೆಯ ಹಾಗೆ ಚರ್ಮಕ್ಕೆ ಅಂಟಿಕೊಂಡಿತ್ತು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದ. ಅಕ್ಕ ಬಾಯಲ್ಲಿ ಟವೆಲ್ ಕಚ್ಚಿಕೊಂಡಿದ್ದಳು, ದನಿ ಹೊರಡಲಿಲ್ಲ, ಕಣ್ಣು ಮಾತ್ರ ಧಾರಾಕಾರ ಸುರಿಯುತ್ತಿತ್ತು. ಅಮ್ಮ ಹೋದ ದಿನವೂ ಅತ್ತವಳಲ್ಲ. ಅವನು ಹೇಗೋ ಮುಗಿಸಿ, ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡ.

ಮರುದಿನವೂ ಅದೇ. ಅದರ ಮಾರನೆಯ ದಿನ ಅವಳ ಬೆರಳ ಸಂದಿಗೆ ಬಟ್ಟೆ ಮುಟ್ಟಿಸುವಷ್ಟರಲ್ಲಿ ಅಕ್ಕ ಟವೆಲ್ ಉಗುಳಿದಳು.

"ಲೋ, ಇವತ್ತೊಂದಿನ ಬಿಟ್ಬಿಡೋ."

"ತೊಳೀಬೇಕು ಅಂದಿದ್ದಾರಲ್ಲಕ್ಕ."

"ಮೇಲೇನೇ ಹಚ್ಚು. ಔಷಧಿ ಮೇಲೆ ಔಷಧಿ ಹಾಕಿದ್ರೆ ಇನ್ನೂ ಒಳ್ಳೇದಾಗುತ್ತೆ, ಕಮ್ಮಿ ಆಗುತ್ತಾ? ನಿನ್ನ ಕಾಲಿಗೆ ಬೀಳ್ತೀನಿ ಕಣೋ."

ಅಕ್ಕ ಅವನ ಕಾಲಿಗೆ ಬೀಳುವುದೆಂದರೇನು? ಅವನು ಬಟ್ಟೆಯನ್ನು ನೀರಿಗೆ ಹಾಕಿದ. ಡಬ್ಬಿಯಿಂದ ಹೊಸ ಮುಲಾಮು ತೆಗೆದು, ಹಳೆಯದರ ಮೇಲೆ, ಗಿರಾಕಿಯ ಗಲ್ಲಕ್ಕೆ ನೊರೆ ಬಳಿಯುವಷ್ಟು ನಾಜೂಕಾಗಿ ಬಳಿದ. ಅಕ್ಕ ಉಸಿರುಬಿಟ್ಟಳು.

"ಇವತ್ತು ನೋಡು, ಕೈ ಹೂವಿನ ಹಂಗಿದೆ. ಮೊಂಡುಗತ್ತಿ ಅನ್ನೋದು ವಾಪಸ್ ತಗೊಂಡೆ."

ಬದುಕಿನಲ್ಲಿ ಮೊದಲ ಸಲ ಅಕ್ಕ ಹೊಗಳಿದ್ದಳು. ಅದೇ ಸಾಕಾಯಿತು. ಅಲ್ಲಿಂದ ಮುಂದೆ ಬೆಳಿಗ್ಗೆ ಸಂಜೆ ಬೇಸನ್ನಿನಲ್ಲಿ ನೀರು ಇಡುತ್ತಿದ್ದ, ಅದು ತಣ್ಣಗಾಗುತ್ತಿತ್ತು, ಚೆಲ್ಲುತ್ತಿದ್ದ. ಅಂಚಿನಲ್ಲಿ ಸ್ವಲ್ಪ ಒರೆಸಿದ ಶಾಸ್ತ್ರ ಮಾಡಿ, ಪದರದ ಮೇಲೆ ಪದರ ಏರಿಸುತ್ತಿದ್ದ. ಮೇಲಿಂದ ನೋಡಿದರೆ ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳ್ಳಗೆ, ಚೊಕ್ಕಟ. ಒಳಗೇನಿದೆಯೋ ನೋಡುವ ಧೈರ್ಯ ಅವನಿಗೂ ಇರಲಿಲ್ಲ, ಅವಳಿಗೂ ಬೇಕಿರಲಿಲ್ಲ.

"ಹೇಗಿದೆಯೋ?" ಅಂತ ಅವಳು ಕೇಳುತ್ತಿದ್ದಳು, ಮುಖ ಆ ಕಡೆ ತಿರುಗಿಸಿಕೊಂಡೇ.

"ಚೆನ್ನಾಗಿದೆಯಕ್ಕ," ಅನ್ನುತ್ತಿದ್ದ.

ಪಕ್ಕದ ಗಡಿಯಾರದಂಗಡಿಯವನು ಗಡ್ಡ ತೆಗೆಸಿಕೊಳ್ಳಲು ಬಂದವನು ಕುರ್ಚಿಯಲ್ಲಿ ಕೂತು ವಿಚಾರಿಸಿದ. "ನಿಮ್ಮಕ್ಕನ ಹಾರ್ನು ಕೇಳದೆ ಬೀದೀನೇ ಬಿಕೋ ಅಂತಿದೆ. ವಾಸಿಯಾಯ್ತಾ?"

"ಆಗ್ತಾ ಇದೆ. ಮುಲಾಮು ಹಚ್ತಾ ಇದ್ದೀನಿ."

"ನೀನೇ ಹಚ್ತೀಯಾ? ಹಂಗಾದ್ರೆ ಬಿಡು, ನೋವೇ ಇರಲ್ಲ. ಪುಣ್ಯವಂತೆ."

ಕ್ಷೌರಿಕ ನೊರೆ ಬಳಿದ ಆ ಗಲ್ಲದ ಮೇಲೆ ಕತ್ತಿ ಎಳೆದ. ಕೆಳಗಿನ ಚರ್ಮ ನುಣ್ಣಗೆ, ಕೆಂಪಗೆ ಕಾಣಿಸಿತು. ಇಲ್ಲಿ ಎಷ್ಟು ಸುಲಭ ಅನ್ನಿಸಿ, ಕತ್ತಿ ಹಿಡಿದ ಕೈ ಅಲ್ಲೇ ನಿಂತಿತು. "ಏನಯ್ಯಾ, ಅರ್ಧ ಗಡ್ಡಕ್ಕೇ ಬಿಡ್ತೀಯಾ?" ಅಂದ ಮೇಲೆಯೇ ಮತ್ತೆ ಆಡಿದ್ದು.

ಅವತ್ತು ಸಂಜೆ ಪಟ್ಟಿ ಬಿಚ್ಚುವಾಗ ವಾಸನೆ ಬಂತು. ಹೂದಾನಿಯಲ್ಲಿ ನೀರು ಬದಲಾಯಿಸದೆ ಬಿಟ್ಟರೆ ಬರುತ್ತದಲ್ಲ, ಅಂಥದ್ದು. ಹಣೆ ಮುಟ್ಟಿ ನೋಡಿದರೆ ಅಕ್ಕ ಕಾದ ಕಾವಲಿಯಾಗಿದ್ದಳು. ಆದರೂ ಬೆದರಿದ ಮಗುವಿನ ಹಾಗೆ ಕೈಯನ್ನು ಹಿಂದಕ್ಕೆಳೆದುಕೊಂಡು, "ತೊಳೆಯೋಕೆ ಮಾತ್ರ ಬರಬೇಡ," ಅಂದಳು. ಅವನು ತೊಳೆಯಲಿಲ್ಲ. ಆಟೋ ಕರೆದ.

ಆಸ್ಪತ್ರೆಯಲ್ಲಿ ಅದೇ ನರ್ಸಮ್ಮ ಪಟ್ಟಿ ಬಿಚ್ಚಿ, ಬೆಳ್ಳಗಿನ ಪದರದ ಅಂಚನ್ನು ಚಿಮುಟದಿಂದ ಎತ್ತಿದಳು. ಅದು ಒಂದೇ ಹಾಳೆಯಾಗಿ ಎದ್ದು ಬಂತು. ಕೆಳಗೆ ಹಸಿರುಹಳದಿ ಕೀವು ಜಿನುಗುತ್ತಿತ್ತು. ನರ್ಸಮ್ಮ ಹಾಳೆಯನ್ನು ತಟ್ಟೆಯಲ್ಲಿಟ್ಟು, ಅವನ ಮುಖ ನೋಡಿದಳು.

"ತೊಳೀತಾ ಇರ್ಲಿಲ್ವಾ?"

ಅವನು ತಟ್ಟೆಯಲ್ಲಿದ್ದ ಹಾಳೆಯನ್ನೇ ನೋಡಿದ.

"ತೊಳೀತಿದ್ದ," ಅಂದಳು ಅಕ್ಕ, ಹಲ್ಲು ಕಟಕಟ ಬಡಿಯುತ್ತ. "ಎರಡು ಹೊತ್ತೂ ತೊಳೀತಿದ್ದ ತಾಯಿ. ನನ್ನ ಮೈಯೇ ಸರಿಯಿಲ್ಲ."

"ಇಲ್ಲ," ಅಂದ ಅವನು. "ತೊಳೀಲಿಲ್ಲ. ಮೇಲೇನೇ ಹಚ್ಚಿದೆ."

ನರ್ಸಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆ ಹಳೇ ಪದರ ಇದ್ರೆ ಹೊಸ ಮುಲಾಮು ಗಾಯಕ್ಕೆ ಮುಟ್ಟೋದೇ ಇಲ್ಲಪ್ಪ," ಅಂತಷ್ಟೇ ಅಂದು, ಡಾಕ್ಟರನ್ನು ಕರೆಯಲು ಹೋದಳು.

ಅವನು ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡ. "ಈಗ ತೊಳೀತೀನಿ, ಎಲ್ಲಾ ತೊಳೀತೀನಿ, ನೀರು ಕೊಡಿ," ಅಂತ ವಾರ್ಡಿನ ಬಾಗಿಲ ತನಕ ಅವಳ ಹಿಂದೆಯೇ ಹೋದ. ಬಂದ ಡಾಕ್ಟರು ಕೈಯನ್ನು ತಿರುಗಿಸಿ ನೋಡಿ, ಇದಿನ್ನು ಬೇಸನ್ನಿನ ಕೆಲಸ ಅಲ್ಲ, ಅರಿವಳಿಕೆ ಕೊಟ್ಟು ಒಳಗೇ ಕೆರೆದು ತೆಗೆಯಬೇಕು, ಆಮೇಲೆ ತೊಡೆಯ ಚರ್ಮ ತೆಗೆದು ಹಚ್ಚಬೇಕಾಗಬಹುದು ಅಂದರು. ಬೆರಳು ಮಡಚುತ್ತಾ ಅಂತ ಅವನು ಕೇಳಿದ. ಡಾಕ್ಟರು ಕೈಗವಸು ಕಳಚಿದರು. "ಈಗಲೇ ಏನೂ ಹೇಳೋಕಾಗಲ್ಲ."

ಸ್ಟ್ರೆಚರ್ ತಳ್ಳುವಾಗ ಅಕ್ಕ ಎಡಗೈ ಚಾಚಿ ಅವನ ಅಂಗಿ ಹಿಡಿದಳು.

"ಲೋ, ನೀನೇ ಮಾಡ್ತೀನಿ ಅಂತ ಇವರಿಗೆ ಹೇಳೋ. ನಿನ್ನ ಕೈ ಹಗುರ."

ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಅಂಗಿಯಿಂದ ಬಿಡಿಸಿದ. ಬಾಗಿಲು ಮುಚ್ಚಿತು. ಅವನು ಅಲ್ಲೇ ಬೆಂಚಿನ ಮೇಲೆ ತನ್ನ ಎರಡು ಕೈಗಳನ್ನು ಬೇರೆ ಯಾರದೋ ಸಾಮಾನಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತ.

ಜ್ವರ ಇಳಿಯಿತು, ತೊಡೆಯ ಚರ್ಮ ಕೈಗೆ ಬಂತು. ಪಟ್ಟಿಯ ತುದಿಯಲ್ಲಿ ಬೆರಳಿನ ಉಗುರುಗಳಷ್ಟೇ ಇಣುಕುತ್ತಿದ್ದವು. ಮೆಲ್ಲಗೆ ಮಡಚಿ ನೋಡಿ ಅಂತ ಡಾಕ್ಟರು ಹೇಳಿ ಹೋದ ಬೆಳಿಗ್ಗೆ, ಅಕ್ಕ ಎಂದಿನಂತೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಮಲಗಿದ್ದಳು. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಓಡಾಡುತ್ತಿದ್ದವು.

"ಮೊಂಡುಗತ್ತಿ, ಮುಷ್ಟಿ ಮುಚ್ತಾ ಇದ್ದೀನಿ, ನೋಡು. ಮುಚ್ತಾ?"

ಅವಳ ಕುತ್ತಿಗೆಯ ನರ ಉಬ್ಬಿತ್ತು. ಅವನು ಬಾಗಿ ನೋಡಿದ. ಹೆಬ್ಬೆರಳು ಒಂಚೂರು ಅಲ್ಲಾಡಿತು. ಉಳಿದವು ಹಾಗೇ ಇದ್ದವು. ಚೆನ್ನಾಗಿದೆಯಕ್ಕ ಅನ್ನುವ ಮಾತು ನಾಲಿಗೆಯ ತುದಿಗೇ ಬಂದು ಕೂತಿತ್ತು.

"ಇಲ್ಲಕ್ಕ," ಅಂದ. "ಮುಚ್ಚಲಿಲ್ಲ."

ಅವಳು ಈ ಕಡೆ ತಿರುಗಲಿಲ್ಲ. ಬಸ್ಸೊಂದು ಹಾರ್ನ್ ಮಾಡಿಕೊಂಡು ಹೋಯಿತು.

"ಈಗ ನೋಡು," ಅಂದಳು.

ಅವನು ನೋಡಿದ.