ಎಡೆಯ ಕೇಕು

ಸರಳಾಳ ಕೈ ಸುಮ್ಮನೆ ಕೂತದ್ದನ್ನು ರಾಜಾನುಕುಂಟೆಯ ಆ ಬೀದಿಯಲ್ಲಿ ಯಾರೂ ಕಂಡವರಿಲ್ಲ. ಖಾಲಿ ಬಾಟಲಿ ಸಿಕ್ಕಿದರೆ ಅದರ ಮೇಲೊಂದು ನವಿಲು ಕೂರಲೇಬೇಕು. ಮದುವೆಯ ಕರೆಯೋಲೆ ಬಂದರೆ ಅದನ್ನು ಸಣ್ಣಗೆ ಕತ್ತರಿಸಿ, ಸುರುಳಿ ಸುತ್ತಿ, ಜುಮುಕಿ ಮಾಡಿ, ಅದೇ ಮದುವೆಗೆ ಅದನ್ನೇ ಹಾಕಿಕೊಂಡು ಹೋಗುವವಳು ಅವಳು. ಗಂಡ ನಂದಕುಮಾರ್ ಯಲಹಂಕದ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಸಂಜೆ ಮನೆಗೆ ಬಂದರೆ ಸೋಫಾದ ತುಂಬ ಅಂಟು, ಬ್ರಷ್ಷು, ಒಣಗಲು ಇಟ್ಟ ಮಣ್ಣಿನ ಮಣಿ. ಅವನು ಸ್ವಲ್ಪ ಹೊತ್ತು ಗೊಣಗಿ, ಆಮೇಲೆ ನೆಲದ ಮೇಲೆಯೇ ಕೂತು ಟೀವಿ ನೋಡುತ್ತಿದ್ದ. ಓವನ್ ಬಂದ ಮೇಲೆ ಈ ಹುಚ್ಚು ಅಡುಗೆಮನೆಗೂ ಹಬ್ಬಿತು.

ಮಾಡಿದ್ದನ್ನು ನೋಡುವವರೂ ಬೇಕಲ್ಲ. ಆ ಬೀದಿಯಲ್ಲಿ ಇರುವವರೆಲ್ಲ ಒಂದೇ ಬೇರಿನ ದಾಯಾದಿಗಳು. ಎದುರಿಗೆ ಹಿಡಿದರೆ ‘ಚೆನ್ನಾಗಿದೆ’ ಎಂದು ಒಂದು ಮಾತು ಎಸೆದು ಮುಂದೆ ಹೋಗುವವರು. ಅತ್ತೆ ದೊಡ್ಡಮುನಿಯಮ್ಮ ಅಷ್ಟನ್ನೂ ಹೇಳುವವಳಲ್ಲ. ನಿಂತು ನೋಡುತ್ತಿದ್ದವಳು ಎದುರುಮನೆಯ ಬೈರಮ್ಮ ಒಬ್ಬಳೇ. ನಂದಕುಮಾರನ ದೊಡ್ಡಪ್ಪನ ಹೆಂಡತಿ, ಸರಳಾಳಿಗೆ ದೊಡ್ಡತ್ತೆ. ಬಾಟಲಿಯನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ನವಿಲಿನ ಕತ್ತು ಕೋಳಿ ಕತ್ತಿನಂಗೈತೆ ಎಂದು ಹೇಳುವಷ್ಟು ಪ್ರೀತಿ ಅವಳಿಗೆ ಮಾತ್ರ ಇತ್ತು. ಸರಳಾ ಮುಖ ಊದಿಸಿಕೊಂಡು ಮನೆಗೆ ಬಂದು ಕತ್ತನ್ನು ತಿದ್ದುತ್ತಿದ್ದಳು. ತಿದ್ದಿದ ಮೇಲೆ ಅದು ನಿಜವಾಗಿಯೂ ನವಿಲಾಗುತ್ತಿತ್ತು.

ಬೈರಮ್ಮನಿಗೆ ಸಕ್ಕರೆ ಕಾಯಿಲೆ. ಕೇಕು ಬಾಯಿಗಿಡುವಂತಿರಲಿಲ್ಲ. ಆದರೆ ಓವನ್ ಹಚ್ಚಿದ ದಿನ ಮೊರವನ್ನೋ ಸೊಪ್ಪನ್ನೋ ತಂದುಕೊಂಡು ತನ್ನ ಜಗಲಿಯ ಮೇಲೆ ಕೂರುತ್ತಿದ್ದಳು. ಸರಳಾ ಅಡುಗೆಮನೆಯ ಕಿಟಕಿ ತೆಗೆಯಬೇಕು, ವಾಸನೆ ಬೀದಿ ದಾಟಿ ಅಲ್ಲಿಗೆ ಹೋಗಬೇಕು. ಇದು ಅವರಿಬ್ಬರ ಒಪ್ಪಂದ.

“ತಿನ್ನಾಕೆ ಡಾಕ್ಟ್ರು ಬ್ಯಾಡ ಅಂದವ್ರೆ. ಮೂಸಾಕೆ ಯಾರಪ್ಪನ ಅಪ್ಪಣೆ ಬೇಕು?” ಎಂದು ಅವಳು ಹೇಳಿದ್ದು ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವರೆಕಾಯಿಯ ಕಾಲ ಅದು. ಯಲಹಂಕದಲ್ಲಿ ಮನೆಯಲ್ಲೇ ಕೇಕು, ಕರಕುಶಲ ಮಾಡುವ ಹೆಂಗಸರ ಪ್ರದರ್ಶನವೊಂದಿತ್ತು. ಗಂಗಾನಗರದ ಗೆಳತಿ ಲುಬ್ನಾ ತನ್ನ ಜೊತೆಗೆ ಸರಳಾಳ ಹೆಸರನ್ನೂ ಕೊಟ್ಟುಬಿಟ್ಟಿದ್ದಳು. ಸರಳಾ ಸಕ್ಕರೆ ಹಿಟ್ಟಿನಲ್ಲಿ ಒಂದು ಗೊಂಬೆ ಮಾಡಿಟ್ಟಿದ್ದಳು: ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುವ ಮುದುಕಿ. ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಮೂಗಿನ ಬೊಟ್ಟು ಕೂಡ ಬೈರಮ್ಮನದೇ. ಅದನ್ನು ಕೂರಿಸುವುದಕ್ಕೆ ಎತ್ತರದ, ಹತ್ತಿಯಂಥ ಕೇಕು ಬೇಕಿತ್ತು. ಮೊಟ್ಟೆಯ ಬಿಳಿಯನ್ನು ನೊರೆಯಾಗಿ ಕಡೆದು ಮಾಡುವ ಈ ಕೇಕು ಬಲು ಹಟಮಾರಿ. ಬೇಯುವಾಗ ಓವನ್ ಬಾಗಿಲು ತೆಗೆದರೆ ನಡುವೆ ಕುಸಿದು ಕೂರುತ್ತದೆ. ಹಿಂದೆ ಮಾಡಿದಾಗಲೆಲ್ಲ ಸರಳಾ ತಡೆಯಲಾರದೆ ಬಾಗಿಲು ತೆಗೆದು ಕೆಡಿಸಿಕೊಂಡಿದ್ದಳು. ಮನೆಗೆ ಬೆಂಕಿ ಬಿದ್ದರೂ ಬಾಗಿಲಿಗೆ ಕೈ ಹಾಕಬೇಡ ಎಂದು ಲುಬ್ನಾ ಫೋನಿನಲ್ಲಿ ನಗುತ್ತ ಹೇಳಿದ್ದಳು.

ಪ್ರದರ್ಶನದ ಹಿಂದಿನ ದಿನ ಬೆಳಗ್ಗೆ ಮನೆಯಲ್ಲಿ ಸರಳಾ ಒಬ್ಬಳೇ. ಅತ್ತೆ ರೇಷನ್ನಿಗೆಂದು ಸೊಸೈಟಿಗೆ ಹೋಗಿದ್ದಳು. ಕೇಕನ್ನು ಒಳಗಿಟ್ಟು ಓವನ್ ಮುಂದೆ ಮಣೆ ಹಾಕಿಕೊಂಡು ಕೂತಳು. ಗಾಜಿನೊಳಗೆ ಅದು ಮೆಲ್ಲಗೆ ಮೇಲೇಳುತ್ತಿತ್ತು, ಒಂದು ಕಡೆಗೂ ವಾಲದೆ. ಆಗ ಕಿಟಕಿಯಾಚೆಯಿಂದ ದನಿ ಕೇಳಿತು.

“ಸರಳಾ, ಒಸಿ ಬಾರವ್ವ ಇಲ್ಲಿ.”

“ಕೇಕ್ ಒಳ್ಗಿದೆ ದೊಡ್ಡತ್ತೆ. ತೆಗ್ದು ಬರ್ತೀನಿ,” ಎಂದಳು ಸರಳಾ, ಕೂತಲ್ಲಿಂದಲೇ.

“ಆಗ್ಲಿ ಬುಡು. ಆಮ್ಯಾಕೆ ಬಾ.”

ಬೈರಮ್ಮ ಕರೆಯುವುದು ಹೊಸದೇನಲ್ಲ. ಸೂಜಿಗೆ ದಾರ ಪೋಣಿಸಲು ಕರೆಯುತ್ತಿದ್ದಳು, ಹಲ್ಲಿ ಓಡಿಸಲು ಕರೆಯುತ್ತಿದ್ದಳು, ಬರೀ ಮಾತಿಗೂ ಕರೆಯುತ್ತಿದ್ದಳು. ಸರಳಾ ಅದನ್ನು ಅಲ್ಲಿಗೇ ಮರೆತು ಮತ್ತೆ ಗಾಜಿನತ್ತ ತಿರುಗಿದಳು. ಕೇಕಿನ ಮುಂದೆ ಕಾವಲು ಕೂರಬೇಕಾದ್ದೇನೂ ಇರಲಿಲ್ಲ. ಅದು ತನ್ನಷ್ಟಕ್ಕೆ ಬೇಯುತ್ತದೆ, ಹೊತ್ತಾದಾಗ ಗಂಟೆ ಹೊಡೆಯುತ್ತದೆ. ಎದುರುಮನೆಗೆ ಹೋಗಿ ಬರಬಹುದಿತ್ತು. ಆದರೆ ಅದು ಉಬ್ಬುವುದನ್ನು ನೋಡುತ್ತ ಕೂರುವುದು ಅವಳಿಗೆ ಇಷ್ಟ. ಅಷ್ಟೇ. ಬೇರೆ ಕಾರಣವಿರಲಿಲ್ಲ.

ಮುಂದೆ ಕೇಳಿಸಿದ್ದು ಮುನೀಂದ್ರನ ಕೂಗು. ಬೈರಮ್ಮನ ಮಗ, ಬೇರೆಯವರ ತೋಟದ ಕೆಲಸದಿಂದ ಆಗಷ್ಟೇ ಬಂದಿದ್ದ. ಸರಳಾ ಓಡಿದಳು. ಬೈರಮ್ಮ ಗೋಡೆಗೆ ಒರಗಿದಂತೆಯೇ ಇದ್ದಳು, ತಲೆ ಮಾತ್ರ ಒಂದು ಕಡೆಗೆ ಜೋತಿತ್ತು. ಮೊರ ಮಗುಚಿ ಅವರೆಕಾಳು ಜಗಲಿಯಿಂದ ಬೀದಿಗೆ ಉರುಳಿತ್ತು. ಕ್ಲಿನಿಕ್ಕಿನ ಡಾಕ್ಟರು ಬಂದು ಮುಟ್ಟಿ ನೋಡಿದರು. ಎದೆ ನೋವು ಬಂದು ಕೊಂಚ ಹೊತ್ತು ಒದ್ದಾಡಿರಬೇಕು, ಯಾರಾದರೂ ಜೊತೆಯಲ್ಲಿದ್ದು ಬೇಗ ಕರೆದೊಯ್ದಿದ್ದರೆ ನೋಡಬಹುದಿತ್ತು ಎಂದು ಮುನೀಂದ್ರನಿಗೆ ಹೇಳಿದರು. ಪಕ್ಕದಲ್ಲಿ ನಿಂತಿದ್ದ ಸರಳಾಳಿಗೂ ಅದು ಕೇಳಿಸಿತು.

ಆ ಬೀದಿಗೊಂದು ಕಟ್ಟುಪಾಡಿದೆ. ಹೆಣ ಏಳುವ ತನಕ ಯಾವ ಮನೆಯಲ್ಲೂ ಒಲೆ ಹೊತ್ತಿಸುವಂತಿಲ್ಲ. ಹಸುಗೂಸಿಗೆ ಹಾಲು ಕಾಯಿಸಬೇಕೆಂದರೂ ಹಿಂದಿನ ಬೀದಿಗೆ ಹೋಗುತ್ತಾರೆ. ಜನ ಸೇರಿದ್ದರು, ಹೆಂಗಸರು ಅಳುತ್ತಿದ್ದರು, ಆ ಅಳುವಿನ ಮೇಲೆ ಹಾಲು, ಬೆಣ್ಣೆ, ವೆನಿಲ್ಲಾದ ಸಿಹಿ ವಾಸನೆ ಬಂದು ಕೂತಿತು. ಹಿರಿಯ ಆಂಜಿನಪ್ಪ ತಲೆಯೆತ್ತಿ, ಯಾರ ಮನೆಯಲ್ಲಿ ಒಲೆ ಉರಿಯುತ್ತಿದೆ ಎಂದು ಕೇಳಿದ. ಯಾರೂ ಉತ್ತರ ಕೊಡಬೇಕಾಗಲಿಲ್ಲ. ಸರಳಾಳ ಕಿಟಕಿಯೊಳಗಿಂದ ಓವನ್ನಿನ ಗಂಟೆ ಟಿಂಗ್ ಎಂದಿತು.

ಸರಳಾ ಮನೆಗೆ ಹೋಗಿ ಓವನ್ನಿನ ಬಾಗಿಲು ತೆಗೆದಳು. ಕೇಕು ಕುಸಿದಿರಲಿಲ್ಲ. ಒಂದು ಬಿರುಕೂ ಇಲ್ಲದೆ, ಹೊಂಬಣ್ಣಕ್ಕೆ ತಿರುಗಿ, ಅವಳು ಎಂದೂ ಮಾಡಿರದಷ್ಟು ಎತ್ತರಕ್ಕೆ ನಿಂತಿತ್ತು. ಅದನ್ನು ಕಂಡು ಅವಳಿಗೆ ಅಸಹ್ಯವಾಯಿತು. ತಿಪ್ಪೆಗೆ ಎಸೆಯಲು ಎತ್ತಿಕೊಂಡಳು, ಅನ್ನವನ್ನು ಎಸೆದಂತಾದೀತು ಎಂದು ಕೈ ಬರಲಿಲ್ಲ. ತಣಿದ ಮೇಲೆ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಹಿಂದಿನ ಮೂಲೆಗೆ ದೂಡಿದಳು.

ಬೈರಮ್ಮನ ಮಗಳು ಮಧುಶ್ರೀಯನ್ನು ಕೊಟ್ಟಿದ್ದು ಗೊರಗುಂಟೆಪಾಳ್ಯಕ್ಕೆ. ಅಲ್ಲೇ ಸೀರೆ ಅಂಗಡಿಯಲ್ಲಿ ಕೆಲಸ. ಅವಳು ಆಟೋ ಇಳಿದು, ಅಮ್ಮನ ಮೇಲೆ ಬಿದ್ದು ಅತ್ತು ಮುಗಿಸುವ ಮೊದಲೇ ಯಾರೋ ಕೇಕಿನ ವಿಷಯ ಕಿವಿಗೆ ಹಾಕಿದರು. ಅಂಥವರು ಪ್ರತಿ ಸಾವಿನ ಮನೆಯಲ್ಲೂ ಇರುತ್ತಾರೆ. ಮಧುಶ್ರೀ ಎದ್ದು ನಿಂತಳು. ಅವಳು ಕಿರುಚಲಿಲ್ಲ.

“ನಮ್ಮಮ್ಮನ ಹೆಣ ಇಲ್ಲಿದೆ. ನಿಮ್ಮನೇಲಿ ಹಬ್ಬನಾ ಅತ್ತಿಗೆ?”

ತಾನು ಕೇಕು ಇಟ್ಟಾಗ ಬೈರಮ್ಮ ಬದುಕಿದ್ದಳು ಎಂದು ಸರಳಾ ಹೇಳಬಹುದಿತ್ತು. ಕಿಟಕಿ ತೆಗೆದಿದ್ದು ಅವಳಿಗಾಗಿಯೇ ಎನ್ನಬಹುದಿತ್ತು. ಹೇಳಲು ಹೊರಟರೆ ಆ ಕರೆಯ ತನಕ ಹೋಗಬೇಕಾಗುತ್ತಿತ್ತು. ಅದಕ್ಕೇ ತಲೆ ತಗ್ಗಿಸಿ ನಿಂತಳು.

ಆಮೇಲೆ ಬೀದಿಯಲ್ಲಿ ಯಾರೂ ಅವಳನ್ನು ನೇರವಾಗಿ ಮಾತಾಡಿಸಲಿಲ್ಲ. ನಲ್ಲಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು, ಬೆನ್ನು ತಿರುಗಿಸಿದರೆ ಬೈಗುಳ ಕೇಳಿಸುತ್ತಿತ್ತು. ನಂದಕುಮಾರ್ ಬೈಯಲಿಲ್ಲ. ಓವನ್ನಿನ ವೈರು ಕಿತ್ತು, ಸುತ್ತಿ, ಮೇಲೊಂದು ಹಳೆಯ ಲುಂಗಿ ಹೊದಿಸಿದ. ಪ್ರದರ್ಶನದಿಂದ ಲುಬ್ನಾ ಫೋನ್ ಮಾಡಿದಾಗ ಸರಳಾ ಎತ್ತಲಿಲ್ಲ. ಸಕ್ಕರೆಯ ಮುದುಕಿಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು. ಬೀದಿಯವರ ಬೈಗುಳ ಅವಳಿಗೆ ಒಂದು ರೀತಿಯಲ್ಲಿ ಬೇಕಾಗಿತ್ತು. ಬೈದಷ್ಟೂ ಹಗುರವಾದೀತು ಅಂದುಕೊಂಡಿದ್ದಳು. ಆದರೆ ಅವರು ಬೈಯುತ್ತಿದ್ದುದು ಬೇರೆ ತಪ್ಪಿಗೆ. ನಿಜವಾದ ತಪ್ಪು ಯಾರಿಗೂ ಗೊತ್ತಿಲ್ಲದೆ ಅವಳೊಬ್ಬಳ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ತಟ್ಟೆಯ ಮುಂದೆ ಕೂತರೆ ‘ಆಮ್ಯಾಕೆ ಬಾ’ ಎಂಬ ಮಾತು ಕೇಳಿಸುತ್ತಿತ್ತು, ಅನ್ನ ಇಳಿಯುತ್ತಿರಲಿಲ್ಲ.

ಮೂರನೆಯ ದಿನ ಹಾಲುತುಪ್ಪ. ಹೊಲವೆಲ್ಲ ಸೈಟುಗಳಾಗಿ ಹೋದರೂ ಹಿರಿಯರನ್ನು ಮಣ್ಣು ಮಾಡುವ ಒಂದು ಮೂಲೆಯನ್ನು ಮಾತ್ರ ಆ ಮನೆತನದವರು ಮಾರಿರಲಿಲ್ಲ. ಹೊಸ ಕಾಂಪೌಂಡುಗಳ ನಡುವೆ ಒಂದು ಹೊಂಗೆ ಮರ, ಅದರ ಬುಡದಲ್ಲಿ ಗುಡ್ಡೆಗಳು. ಬೈರಮ್ಮನ ಗುಡ್ಡೆಗೆ ಹಾಲುತುಪ್ಪ ಬಿಟ್ಟು, ಬಾಳೆಲೆ ಹಾಸಿ, ಅವಳಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಟ್ಟರು. ಮುದ್ದೆ, ಹಿತಕಿದಬೇಳೆ ಸಾರು, ಹುರಿದ ಮೀನು, ಎಲೆಅಡಿಕೆ, ಹೊಗೆಸೊಪ್ಪು. ಎಲ್ಲರೂ ದೂರ ಸರಿದು ಕಾಗೆಗಾಗಿ ಕಾದರು. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿಯಾಯಿತೆಂದು ಲೆಕ್ಕ. ಸರಳಾ ಎಲ್ಲರಿಗಿಂತ ಹಿಂದೆ ನಿಂತಿದ್ದಳು.

ಕಾಗೆಗಳು ಬಂದವು. ಕಾಂಪೌಂಡಿನ ಮೇಲೆ ಕೂತು ಕತ್ತು ಕೊಂಕಿಸಿ ನೋಡಿದವು. ಕೆಳಗಿಳಿಯಲಿಲ್ಲ. ಬಿಸಿಲೇರಿತು. ಏನೋ ಕೊರತೆ ಉಳಿದಿದೆ ಎಂದ ಆಂಜಿನಪ್ಪ. ಮುನೀಂದ್ರ ಕೈಮುಗಿದು, ಏನು ಬೇಕಮ್ಮ ಎಂದು ಗುಡ್ಡೆಯನ್ನೇ ಕೇಳಿದ. ಆಗ ದೊಡ್ಡಮುನಿಯಮ್ಮ ಸೆರಗಿನಿಂದ ಮೂಗೊರಸಿಕೊಂಡಳು.

“ನನ್ ಸೊಸೆ ಮಾಡೋ ಕೇಕು. ಅಕ್ಕ ಆ ವಾಸನೆಗೇ ಜಗಲಿ ಮ್ಯಾಲೆ ಕೂರ್ತಿದ್ಲು. ನಿಮಗ್ಯಾರ್ಗೂ ಗೊತ್ತಿಲ್ವಾ?”

ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಬೈದಿದ್ದರು. ಈಗ ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಎಡೆಯಿಟ್ಟಾಗಿದೆ, ಈಗ ಹೊಸದಾಗಿ ಬೇಯಿಸಲು ಹೊತ್ತೆಲ್ಲಿದೆ ಎಂದು ಯಾರೋ ಅಂದರು. ಅವತ್ತಿನದು ಹಾಗೇ ಇದೆ, ಮುಟ್ಟಿಲ್ಲ ಎಂದ ನಂದಕುಮಾರ್. ಆಂಜಿನಪ್ಪ ಮಧುಶ್ರೀಯ ಕಡೆ ನೋಡಿದ. ಅವಳು ಸರಳಾಳ ಮನೆಯ ಕಡೆಗೆ ನಡೆದಳು, ಸರಳಾ ಅವಳ ಹಿಂದೆ.

ಅಡುಗೆಮನೆಯಲ್ಲಿ ಸರಳಾ ಡಬ್ಬಿ ತೆಗೆದು ಕೇಕನ್ನು ತಟ್ಟೆಗೆ ಇಳಿಸಿದಳು. ಅದು ಈಗಲೂ ನೆಟ್ಟಗೆ ನಿಂತಿತ್ತು. ಮಧುಶ್ರೀ ಕೈ ಚಾಚಿದಳು. ಸರಳಾ ತಟ್ಟೆಯನ್ನು ಬಿಡಲಿಲ್ಲ.

“ಇದನ್ನ ಇಡೋದು ಬೇಡ ಮಧು.”

ಮೊನ್ನೆ ತಾನು ಅಂದ ಮಾತಿಗೋ ಎಂದು ಮಧುಶ್ರೀ ಕೇಳಿದಳು. ಅದಕ್ಕಲ್ಲ ಎಂದಳು ಸರಳಾ.

“ದೊಡ್ಡತ್ತೆ ನನ್ನ ಕರೆದಿದ್ರು. ಕೇಕ್ ಒಳ್ಗಿದೆ, ತೆಗ್ದು ಬರ್ತೀನಿ ಅಂದೆ. ಹೋಗ್ಬಹುದಿತ್ತು. ಇದು ಉಬ್ಬೋದನ್ನ ನೋಡ್ತಾ ಕೂತಿದ್ದೆ.”

ಈಗ ಕೆನ್ನೆಗೆ ಏಟು ಬೀಳುತ್ತದೆ ಎಂದುಕೊಂಡಳು. ಬಿದ್ದರೆ ಒಳ್ಳೆಯದಿತ್ತು. ಮಧುಶ್ರೀ ಹೊಡೆಯಲಿಲ್ಲ. ಓವನ್ನಿನ ಮುಂದಿದ್ದ ಅದೇ ಮಣೆಯ ಮೇಲೆ ಕುಸಿದು ಕೂತಳು. ಸೊಂಟದಿಂದ ತನ್ನ ಮೊಬೈಲ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು, ತೋರಿಸಲಿಲ್ಲ.

“ನಂಗೂ ಫೋನ್ ಮಾಡಿದ್ಲು,” ಎಂದಳು. “ಗಿರಾಕಿ ಮುಂದೆ ಸೀರೆ ಬಿಚ್ಚಿ ಹಾಕಿದ್ದೆ. ದಿನಾ ಮಾಡ್ತಾಳಲ್ಲ, ಆಮೇಲೆ ಮಾತಾಡಣ ಅಂತ ಕಟ್ ಮಾಡ್ದೆ.”

ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಆ ದಿನ ಆಟೋದಿಂದ ಇಳಿದವಳು ಯಾರ ಮೇಲೆ ಸಿಟ್ಟಾಗಿದ್ದಳೆಂದು ಸರಳಾಳಿಗೆ ಈಗ ತಿಳಿಯಿತು. ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮಧುಶ್ರೀ ಅವಳ ಕಡೆ ತಿರುಗಿದಳು. ಕಣ್ಣು ಒಣಗಿತ್ತು.

“ನಾನು ಎತ್ಲಿಲ್ಲ ಅಂತ ನಿಮ್ಮನ್ನ ಕರೆದ್ಲಾ ಅತ್ತಿಗೆ, ಇಲ್ಲ ನೀವು ಬರ್ಲಿಲ್ಲ ಅಂತ ನಂಗೆ ಮಾಡಿದ್ಲಾ?”

ಸರಳಾ ನೆನಪು ಮಾಡಿಕೊಳ್ಳಲು ನೋಡಿದಳು. ಬೈರಮ್ಮ ಕರೆದಾಗ ಅವಳು ಗಡಿಯಾರ ನೋಡಿರಲಿಲ್ಲ. ನೋಡಿದ್ದು ಕೇಕನ್ನು. ಅದು ಆಗ ಎಷ್ಟು ಉಬ್ಬಿತ್ತು ಎಂಬುದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿತ್ತು. ಗೊತ್ತಿಲ್ಲ ಎಂದು ತಲೆಯಾಡಿಸಿದಳು. ಮಧುಶ್ರೀಗೆ ಆಗ ಅಳು ಬಂತು. ಸರಳಾ ಅವಳನ್ನು ಹಿಡಿದುಕೊಂಡು ಆ ದಿನ ಅಳದೆ ಉಳಿದಿದ್ದನ್ನೆಲ್ಲ ಅತ್ತಳು. ಇಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳಲಿಲ್ಲ.

ಹೊರಡುವ ಮುಂಚೆ ಸರಳಾ ಬೀರು ತೆಗೆದು ಬಟ್ಟೆ ಬಿಚ್ಚಿದಳು. ಸಕ್ಕರೆಯ ಮುದುಕಿಯನ್ನು ನೋಡಿ ಮಧುಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಮೂಗಿನ ಬೊಟ್ಟನ್ನು ಬೆರಳಿನಿಂದ ಮುಟ್ಟಿದಳು. ಇದು ಇಲ್ಲೇ ಇರಲಿ ಅತ್ತಿಗೆ ಎಂದಳು. ಸರಳಾ ಅದನ್ನು ಮತ್ತೆ ಸುತ್ತಿಡಲಿಲ್ಲ, ಅಡುಗೆಮನೆಯ ಕಿಟಕಿಯಲ್ಲಿ ಬೀದಿಗೆ ಮುಖ ಮಾಡಿ ಕೂರಿಸಿದಳು. ಕೇಕಿನ ತಟ್ಟೆಯನ್ನು ಇಬ್ಬರೂ ಆ ಕಡೆ ಈ ಕಡೆ ಹಿಡಿದುಕೊಂಡು ನಡೆದರು. ಒಬ್ಬಳೇ ಹೊರಬಹುದಾದಷ್ಟು ಹಗುರವಾಗಿತ್ತು ಅದು.

ಎಲೆಯ ತುದಿಯಲ್ಲಿ, ಮೀನಿನ ಪಕ್ಕ ಕೇಕನ್ನಿಟ್ಟು ಕೈಮುಗಿದು ಹಿಂದೆ ಸರಿದು ನಿಂತರು. ಸರಳಾ ತಲೆಯೆತ್ತಲಿಲ್ಲ. ಮಧುಶ್ರೀಯೂ ಎತ್ತಲಿಲ್ಲ. ಬಹಳ ಹೊತ್ತಾದ ಮೇಲೆ ರೆಕ್ಕೆ ಬಡಿದ ಸದ್ದಾಯಿತು. ಮುಟ್ಟಿತು, ಮುಟ್ಟಿತು ಎಂದು ಮುಂದಿದ್ದವರು ಹೇಳಿದರು. ದೊಡ್ಡಮುನಿಯಮ್ಮ ನಿಟ್ಟುಸಿರು ಬಿಟ್ಟಳು, ಮುನೀಂದ್ರ ನೆಲಕ್ಕೆ ಹಣೆ ಹಚ್ಚಿದ.

ಯಾವುದನ್ನು ಮುಟ್ಟಿತು ಎಂದು ಅವರಿಬ್ಬರೂ ಕೇಳಲಿಲ್ಲ.