ದೇಯಿಯ ಎಲೆ

ಅಶ್ಮಿತಾಳ ಹೊಟ್ಟೆಯೊಳಗಿನ ಮಗು ಬೆಳೆಯಬೇಕಾದಷ್ಟು ಬೆಳೆದಿರಲಿಲ್ಲ. ಸ್ಕ್ಯಾನ್ ನೋಡಿದ ಡಾಕ್ಟರ್ ನಜ್ಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಾನು ಹೇಳಿದ್ದು ಸಿಹಿ ಕಮ್ಮಿ ಮಾಡಿ ಅಂತ. ಊಟ ಬಿಡಿ ಅಂತ ಹೇಳಿದ್ದಾ? ಎಂತ ತಿಂತಿದ್ದೀರಿ, ಸತ್ಯ ಹೇಳಿ.”

“ತಿಂತೇನೆ ಡಾಕ್ಟ್ರೇ,” ಎಂದಳು. ಹಸಿ ಸುಳ್ಳು. ಬೆಳಿಗ್ಗೆ ಇಷ್ಟು ಸೌತೆಕಾಯಿ ತಿಂದಿದ್ದಳು, ಅಷ್ಟೇ.

“ಹೀಗೇ ಆದರೆ ಮಗು ಉಳಿಯುವುದು ಕಷ್ಟ ಉಂಟು,” ಎಂದರು ಡಾಕ್ಟರ್, ಮುಖಕ್ಕೆ ಹೊಡೆದ ಹಾಗೆ.

ಇಷ್ಟು ಓದಿದವಳಿಗೆ ಬುದ್ಧಿ ಬೇಡವೇ ಎಂದು ನೀವು ಕೇಳಬಹುದು. ಬುದ್ಧಿ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು, ಎಡವಟ್ಟಾದದ್ದೂ ಅದರಿಂದಲೇ. ಕಂಕನಾಡಿಯ ಒಂದು ಪ್ರಯೋಗಾಲಯದಲ್ಲಿ ಅವಳ ಕೆಲಸವೆಂದರೆ ಜೀವಕೋಶಗಳಿಗೆ ಉಣಿಸುವುದು, ಕೆಲವಕ್ಕೆ ಬೇಕೆಂದೇ ಉಪವಾಸ ಕೆಡವುವುದು. ಕೋಶದೊಳಗೆ ಡಿಎನ್‌ಎಯ ನೂಲು ಪ್ರೋಟೀನಿನ ಸಣ್ಣ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ನಾವು ತಿಂದದ್ದರಿಂದಲೇ ಹುಟ್ಟುವ ಚೂರುಗಳು ಹೋಗಿ ಆ ಉಂಡೆಗಳಿಗೆ ಅಂಟುತ್ತವೆ. ಎಲ್ಲಿ ಅಂಟಿತು, ಎಲ್ಲಿ ಕಳಚಿತು ಎನ್ನುವುದರ ಮೇಲೆ ನೂಲು ಸಡಿಲವಾಗುತ್ತದೆ ಅಥವಾ ಬಿಗಿಯಾಗುತ್ತದೆ, ಒಂದು ಜೀನ್ ಮಾತಾಡುತ್ತದೆ, ಇನ್ನೊಂದು ಬಾಯಿ ಮುಚ್ಚಿಕೊಳ್ಳುತ್ತದೆ. ಅವಳನ್ನು ಹೆದರಿಸಿದ್ದು ಬೇರೆ. ಉಪವಾಸ ಬಿದ್ದಿದ್ದ ಕೋಶಗಳಿಗೆ ಆಮೇಲೆ ಹೊಟ್ಟೆ ತುಂಬ ಉಣಿಸಿದರೂ ಹಸಿವಿನ ಗುರುತು ಅಳಿಯಲಿಲ್ಲ. ಅವು ಒಡೆದು ಎರಡಾದವು, ನಾಲ್ಕಾದವು. ಉಪವಾಸವನ್ನೇ ಕಾಣದ ಹೊಸ ಕೋಶಗಳೂ ಹಸಿದವರಂತೆ ಸಕ್ಕರೆಯನ್ನು ಬಾಚಿಕೊಂಡವು.

ಅದನ್ನು ಕಂಡ ದಿನದಿಂದ ಅವಳಿಗೆ ದೇಯಿಯ ಕಾಟ ಶುರುವಾಯಿತು.

ದೇಯಿ ಅವಳ ಅಜ್ಜಿ, ತಾಯಿ ಜಯಳ ತಾಯಿ. ಅಕ್ಕಿ ಸಿಗದ ವರ್ಷದಲ್ಲಿ ಬಸುರಿಯಾಗಿದ್ದವಳು. ಮನೆಯವರಿಗೆಲ್ಲ ಗಂಜಿಯ ಅಗುಳು ಬಡಿಸಿ, ತಾನು ಅಡುಗೆಕೋಣೆಯ ಮೂಲೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತು ತಿಳಿ ಕುಡಿಯುತ್ತಿದ್ದಳಂತೆ. ತನ್ನ ಬಟ್ಟಲಲ್ಲಿ ಅನ್ನವಿಲ್ಲದ್ದು ಯಾರಿಗೂ ಕಾಣಬಾರದೆಂದು. ಜಯಳನ್ನು ಹೆತ್ತ ವಾರದಲ್ಲೇ ಹೋದಳು. ಒಂದು ಫೋಟೊ ಕೂಡ ಇಲ್ಲ. ಜಯಳಿಗೆ ಗೊತ್ತಿದ್ದದ್ದು ದೊಡ್ಡಮ್ಮ ಹೇಳಿದ ಆ ಬೆನ್ನು ಮಾತ್ರ.

ಅಶ್ಮಿತಾ ಲೆಕ್ಕ ಹಾಕಿದ್ದಳು. ಹೆಣ್ಣುಮಗುವಿನ ಅಂಡಗಳೆಲ್ಲ ಅದು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೂಡುತ್ತವೆ. ತನ್ನನ್ನು ಹುಟ್ಟಿಸಿದ ಅಂಡ ಮೂಡಿದ್ದು ಜಯ ಇನ್ನೂ ದೇಯಿಯ ಹೊಟ್ಟೆಯಲ್ಲಿದ್ದಾಗ. ಅಂದರೆ ಆ ತಿಳಿಯಲ್ಲಿ ತನ್ನ ಪಾಲೂ ಇತ್ತು. ಜಯ ಕಡ್ಡಿಯಂತಿದ್ದರೂ ಸಕ್ಕರೆ ಕಾಯಿಲೆ, ಈಗ ಬಸುರಿನಲ್ಲಿ ತನಗೂ. ಅಜ್ಜಿಯ ಹಸಿವೇ ಇದಕ್ಕೆ ಕಾರಣ ಎಂದು ಯಾವ ಪ್ರಯೋಗವೂ ಸಾಧಿಸಿಲ್ಲ, ಅದು ಅವಳಿಗೂ ಗೊತ್ತು. ಆದರೂ ಅನ್ನದ ತಟ್ಟೆ ಮುಂದೆ ಬಂದರೆ, ಆ ಸಕ್ಕರೆಯೆಲ್ಲ ಮಗುವಿನ ಕೋಶಗಳಿಗೆ ಅಂಟುವುದು ಕಣ್ಣಿಗೆ ಕಟ್ಟುತ್ತಿತ್ತು. ತಟ್ಟೆ ಸರಿಸುತ್ತಿದ್ದಳು. ಮಗುವಿಗೆ ಕೇಡಾಗಬಾರದೆಂದು ಮಗುವನ್ನೇ ಉಪವಾಸ ಕೆಡವುತ್ತಿದ್ದಳು. ದುಬೈಯಲ್ಲಿದ್ದ ಗಂಡ ಯೋಗೀಶ್ ಫೋನಿನಲ್ಲಿ ಊಟ ಆಯ್ತಾ ಎಂದರೆ, ಆಯ್ತು ಎನ್ನುತ್ತಿದ್ದಳು.

ಆಟಿ ತಿಂಗಳು ಬಂತು. ತೀರಿಹೋದವರಿಗೆ ಬಡಿಸುವ ಕಾಲ. ಉಳ್ಳಾಲದ ಮನೆ ಮಾರಿ ಫಳ್ನೀರಿನ ಫ್ಲ್ಯಾಟಿಗೆ ಬಂದರೂ ಜಯ ಅದನ್ನು ಬಿಟ್ಟಿರಲಿಲ್ಲ. ದೇವರಿಗೆ ತಪ್ಪಿದರೂ ತಪ್ಪೀತು, ದೇಯಿಯ ಎಲೆಗೆ ತಪ್ಪದು. ಸಂಜೆ ಕತ್ತಲಾಗುವ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ದೀಪ ಹಚ್ಚಿ, ಬಾಳೆಲೆ ಹಾಕಿ, ಕುಚ್ಚಲಕ್ಕಿಯ ಬಿಸಿ ಅನ್ನವನ್ನು ಗುಡ್ಡೆಯಾಗಿ ಬಡಿಸಿದಳು. ಪಕ್ಕದಲ್ಲಿ ಕೋಳಿ ಸಾರು. ಕೋಣೆಯ ಬಾಗಿಲು ಮುಚ್ಚಿದಳು. ಸತ್ತವರು ಉಂಡು ಮುಗಿಯುವ ತನಕ ಯಾರೂ ಒಳಗೆ ಹೋಗುವ ಹಾಗಿಲ್ಲ. ಆಮೇಲೂ ಬಾಗಿಲು ತಟ್ಟಿಯೇ ತೆರೆಯಬೇಕು.

“ನೀನು ಆ ಕಡೆ ಹೋಗ್ಬೇಡ ಮಗಾ, ಬಸುರಿ,” ಎಂದು ಹೇಳಿ ಜಯ, ಹೊರಗೆ ಅಲೆಯುವ ಪ್ರೇತಗಳಾದ ಕುಲೆಗಳಿಗೆಂದು ತೆಗೆದಿಟ್ಟ ಪಾಲನ್ನು ಕೆಳಗಿನ ತೆಂಗಿನ ಬುಡದಲ್ಲಿ ಇಡಲು ಲಿಫ್ಟ್ ಹತ್ತಿದಳು.

ಅಶ್ಮಿತಾ ಹಾಲ್‌ನಲ್ಲಿ ಒಬ್ಬಳೇ ಉಳಿದಳು. ಬಾಗಿಲಿನ ಕೆಳಗಿಂದ ಅನ್ನದ ಹಬೆಯ ವಾಸನೆ ಬಂತು. ಫ್ಯಾನ್ ಹಾಕಿದಳು, ನೀರು ಕುಡಿದಳು. ವಾಸನೆ ಹೋಗಲಿಲ್ಲ. ಒಳಗೆ ಎಲೆ ಸರಿದ ಸದ್ದಾಯಿತೆ? ಯಾರೋ ಉಣ್ಣುತ್ತಿದ್ದಾರೆ, ತನಗೆ ಉಳಿಸದೆ ಉಣ್ಣುತ್ತಿದ್ದಾರೆ ಎನ್ನಿಸಿ ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆ ಅಳುವೂ ಬಂತು. ಬಾಗಿಲನ್ನು ಯಾವಾಗ ದೂಡಿದಳೋ, ತಟ್ಟಿದಳೋ ಇಲ್ಲವೋ, ನೆನಪಿಲ್ಲ.

ಜಯ ಮೇಲೆ ಬಂದು ಹಾಲ್‌ನಲ್ಲಿ ಮಗಳನ್ನು ಕಾಣದೆ, ಮಲಗಿರಬೇಕು ಅಂದುಕೊಂಡಳು. ಹೊತ್ತು ನೋಡಿ ಕೋಣೆಯ ಬಾಗಿಲು ತಟ್ಟಿ ತೆರೆದಳು.

ದೀಪದ ಮಂಕು ಬೆಳಕಿನಲ್ಲಿ ಎಲೆಯ ಮುಂದೆ ಒಂದು ಹೆಂಗಸು ಬಾಗಿಲಿಗೆ ಬೆನ್ನು ಹಾಕಿ ಕೂತಿತ್ತು. ಕೂದಲು ಬಿಚ್ಚಿತ್ತು. ಎಡಗೈ ಉಬ್ಬಿದ ಹೊಟ್ಟೆಯ ಮೇಲೆ, ಬಲಗೈ ಗಬಗಬ ಅನ್ನ ಬಾಚುತ್ತಿತ್ತು.

ಜಯ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ತಾಯಿಯನ್ನು ಕರೆಯುವ ತುಳು ಮಾತು, ಹುಟ್ಟಿದಾಗಿನಿಂದ ಯಾರನ್ನೂ ಕರೆಯದ್ದು, ಬಾಯಿಗೆ ಬಂತು.

“ಅಪ್ಪೇ…”

ನಾನಮ್ಮಾ, ಎನ್ನೋಣವೆಂದರೆ ಅಶ್ಮಿತಾಳ ಬಾಯಿ ತುಂಬ ಅನ್ನವಿತ್ತು. ಅವಳು ತಿರುಗಲಿಲ್ಲ.

“ಮೆಲ್ಲ ಉಣ್ಣಿ ಅಪ್ಪೆ. ಇನ್ನೂ ಉಂಟು, ಪಾತ್ರೆ ತುಂಬ ಉಂಟು.” ಜಯಳ ದನಿ ಸಣ್ಣ ಹುಡುಗಿಯದಾಗಿತ್ತು. ಆಮೇಲೆ ಕೇಳಿದಳು, “ನನ್ನಿಂದಾಗಿ ನೀವು ಹೋದದ್ದಲ್ವಾ? ನನ್ನ ಮೇಲೆ ಕೋಪ ಉಂಟಾ?”

ಅಶ್ಮಿತಾಳ ಕೈ ನಿಂತಿತು. ಇಷ್ಟು ವರ್ಷ ಈ ಎಲೆಯ ಮೇಲೆ ತಾಯಿ ಬಡಿಸುತ್ತಿದ್ದದ್ದು ಈ ಪ್ರಶ್ನೆಯನ್ನೇ ಎಂದು ಅವಳಿಗೆ ಆಗ ತಿಳಿಯಿತು. ಹೊಟ್ಟೆಯೊಳಗೆ ಮಗು ಮಿಸುಕಾಡಿತು. ಇದೂ ಒಂದು ದಿನ ಖಾಲಿ ಕೋಣೆಯ ಬಾಗಿಲು ತಟ್ಟಿ ಹೀಗೇ ಕೇಳಬೇಕೇ? ಅನ್ನ ನುಂಗಿದಳು.

“ಇಲ್ಲ ಮಗಾ,” ಎಂದಳು. ದನಿ ತನ್ನದೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. “ನನಗೆ ಹಸಿವು ಮಾತ್ರ. ಇನ್ನೊಂದು ಸ್ವಲ್ಪ ಅನ್ನ ಹಾಕು.”

ಜಯ ಲೈಟ್ ಹಾಕಲಿಲ್ಲ. ಅಡುಗೆಮನೆಯಿಂದ ಪಾತ್ರೆ ತಂದು, ಮುಖ ನೋಡದೆ ಹಿಂದಿನಿಂದಲೇ ಬಗ್ಗಿ, ಸೌಟು ತುಂಬ ಬಡಿಸಿದಳು.